ಪರವಾ ಇದೆ

ಅವಳನ್ನು ಲಾಯರಕ್ಕ ಅಂತ ಮೊದಲು ಕರೆದವರು ಯಾರೋ ಈಗ ಯಾರಿಗೂ ನೆನಪಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ, ಕರಿ ಕೋಟು ಮುಟ್ಟಿದ್ದೂ ಗಿರಾಕಿಗಳು ಒಗೆಯಲು ತಂದುಕೊಟ್ಟಾಗ ಮಾತ್ರ. ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ನಿಂತು ಬಟ್ಟೆ ತೆಗೆದುಕೊಳ್ಳುವುದು, ಕಲೆ ನೋಡುವುದು, ನಂಬರಿನ ಚೀಟಿ ಸಿಕ್ಕಿಸಿ ಒಳಗೆ ಕಳಿಸುವುದು ಅವಳ ಕೆಲಸ. ಆದರೆ ಬೀದಿಯಲ್ಲಿ ಯಾರಿಗೆ ಅನ್ಯಾಯವಾದರೂ ಕರೆ ಬರುತ್ತಿದ್ದದ್ದು ಅವಳಿಗೇ. ಪಕ್ಕದ ಮನೆಯ ಅಜ್ಜಿಯ ಪಿಂಚಣಿ ನಿಂತುಹೋದಾಗ ಕಚೇರಿಯ ಕಿಟಕಿಗೆ ಮುಖ ಒತ್ತಿ ನಿಂತು, ಒಳಗಿನ ಗುಮಾಸ್ತ ಎದ್ದು ಕಡತ ಹುಡುಕುವ ತನಕ ಕದಲದವಳು ಅವಳು. ಬಾರು ಕಿತ್ತ ಹೊಸ ಚಪ್ಪಲಿ ಹಿಡಿದುಕೊಂಡು ಯಾರಾದರೂ ಅಳುಮುಖ ಮಾಡಿದರೆ, ಆ ಚಪ್ಪಲಿ ಸೀದಾ ಅವಳ ಕೈಗೆ ಬರುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಕಟ್ಟಿದವರು ಇವಳನ್ನು ಕಂಡಿರಲಿಲ್ಲ. ಇವಳು ಮಾತೂ ಬಲ್ಲಳು, ಜಗಳವನ್ನು ಅದಕ್ಕಿಂತ ಚೆನ್ನಾಗಿ ಬಲ್ಲಳು.

ಗಂಡ ಬೀಗ ರಿಪೇರಿಯವನು. ಬಸ್ ನಿಲ್ದಾಣದ ಪಕ್ಕ ಒಂದು ತಗಡಿನ ಗೂಡಂಗಡಿಯಲ್ಲಿ ಕೂತು ಕೀಲಿಕೈ ಉಜ್ಜುತ್ತಿದ್ದ. ಊರಿನ ಬೀಗಕ್ಕೆಲ್ಲ ಕೈ ಹಾಕಿದವನಿಗೆ ಹೆಂಡತಿಯ ಬಾಯಿಗೊಂದು ಬೀಗ ಹೊಂದಿಸಲಾಗಲಿಲ್ಲವಲ್ಲ ಅಂತ ಜನ ತಮಾಷೆ ಮಾಡಿದರೆ ನಕ್ಕು ಸುಮ್ಮನಾಗುತ್ತಿದ್ದ. ಅವನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದದ್ದರಿಂದ ಅವನಿಗೆ ಅದೊಂದು ಅನುಕೂಲವೇ ಆಗಿತ್ತು.

ಒಂದು ಕಡೆ ಮಾತ್ರ ಈ ಸಂಸಾರ ತಿರುಗುಮುರುಗು. ಡಾಕ್ಟರ ಕೋಣೆಯ ಪರದೆ ಸರಿಸಿ ಒಳಗೆ ಕಾಲಿಟ್ಟರೆ ಲಾಯರಕ್ಕನ ನಾಲಿಗೆ ಹೊರಗಿನ ಬೆಂಚಿನ ಮೇಲೆಯೇ ಉಳಿದುಬಿಡುತ್ತಿತ್ತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಕುರ್ಚಿಯ ತುದಿಯಲ್ಲಿ, ಶಾಲೆಗೆ ತಡವಾಗಿ ಬಂದ ಹುಡುಗಿಯ ಹಾಗೆ ಕೂರುತ್ತಿದ್ದಳು. ಅಲ್ಲಿ ಮಾತಾಡುತ್ತಿದ್ದವನು ಗಂಡ. ಹೇಗಿದ್ದೀರಮ್ಮ ಅಂತ ಡಾಕ್ಟರು ಅವಳನ್ನೇ ನೋಡಿ ಕೇಳಿದರೂ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: ಪರವಾಗಿಲ್ಲ.

ಈ ಪರವಾಗಿಲ್ಲ ಅನ್ನುವ ಮಾತಿದೆಯಲ್ಲ, ನಮ್ಮ ಭಾಷೆಯಲ್ಲಿ ಅದರಷ್ಟು ಮೋಸದ ಮಾತು ಇನ್ನೊಂದಿಲ್ಲ. ಅಡುಗೆ ಹೇಗಿದೆ ಅಂದರೆ ಪರವಾಗಿಲ್ಲ, ಕಾಲು ತುಳಿದವನು ಕ್ಷಮಿಸಿ ಅಂದರೆ ಪರವಾಗಿಲ್ಲ, ಜ್ವರ ಹೇಗಿದೆ ಅಂದರೂ ಪರವಾಗಿಲ್ಲ. ಚೆನ್ನಾಗಿದೆ ಅಂತಲೂ ಅದೇ, ಚೆನ್ನಾಗಿಲ್ಲ ಆದರೆ ನಿಮಗ್ಯಾಕೆ ತೊಂದರೆ ಅಂತಲೂ ಅದೇ. ಆಡುವವರು ಎರಡನೆಯದನ್ನು ಆಡುತ್ತಾರೆ, ಕೇಳುವವರು ಮೊದಲನೆಯದನ್ನು ಕೇಳಿಸಿಕೊಳ್ಳುತ್ತಾರೆ. ಹೀಗೆ ಇಬ್ಬರೂ ಸಮಾಧಾನವಾಗಿ ಎದ್ದುಹೋಗುತ್ತಾರೆ, ಕಾಯಿಲೆ ಮಾತ್ರ ಕೂತಲ್ಲೇ ಕೂತಿರುತ್ತದೆ.

ಅವಳಿಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಆ ಗೋಜೆಲ್ಲ ಮುಗಿಯಿತು ಅಂತ ಮರೆತೇ ಹೋಗಿದ್ದಾಗ ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಒಳಬಟ್ಟೆಯ ಮೇಲೆ ನಾಣ್ಯದಗಲದ ಕೆಂಪು ಕಂಡಳು. ನಿನ್ನೆ ಅಂಗಡಿಯಲ್ಲಿ ಪರದೆಗಳ ಗಂಟು ಎತ್ತಿದ್ದು ಹೆಚ್ಚಾಯಿತು, ಅದಕ್ಕೇ ಇರಬೇಕು ಅಂದುಕೊಂಡಳು. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ಹಾಕಿದರೆ ಕಚ್ಚಿಕೊಳ್ಳುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಲ್ಲಿ ಬಿಟ್ಟು ತಿಕ್ಕಿ ತೊಳೆದಳು. ಕಲೆ ಹೋಯಿತು, ಅವಳಿಗೆ ವಿಷಯವೇ ಹೋಯಿತು ಅನ್ನಿಸಿತು.

ಅದು ಮತ್ತೆ ಬಂತು. ಸ್ವಲ್ಪ ದಿನ ಬಿಟ್ಟು ಮತ್ತೊಮ್ಮೆ. ಒಂದು ಸಲ ಹಾಸಿಗೆಯ ಬಟ್ಟೆಗೂ ತಾಗಿತು, ಗಂಡ ಹಲ್ಲುಜ್ಜುವಷ್ಟರಲ್ಲಿ ಅದನ್ನು ಎಳೆದು ಮಡಿಸಿ ಬಕೆಟ್ಟಿಗೆ ತುರುಕಿದಳು. ಇಷ್ಟು ಹೊತ್ತಿಗೇ ಒಗೆಯೋಕೆ ಹಾಕಿದ್ಯಾ ಅಂದ. ಧೂಳು ಅಂದಳು. ಅವಳ ಅಮ್ಮನ ಅಕ್ಕ, ದೊಡ್ಡಮ್ಮ, ಹೀಗೇ ಬಟ್ಟೆ ತೊಳೆದುಕೊಳ್ಳುತ್ತಾ ತೊಳೆದುಕೊಳ್ಳುತ್ತಾ ಹೋದವರು. ಮನೆಯಲ್ಲಿ ಅವರ ಕಾಯಿಲೆಯ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಆ ಕಾಯಿಲೆ ಅಂತ ದನಿ ತಗ್ಗಿಸುತ್ತಿದ್ದರು ಅಷ್ಟೆ. ಈಗ ಅಂಗಡಿಯಲ್ಲಿ ಕೋಟಿನ ಜೇಬು ತಡಕುವಾಗ, ಬಸ್ಸಿಗೆ ಕಾಯುವಾಗ, ತಟ್ಟೆಗೆ ಅನ್ನ ಹಾಕುವಾಗ, ಆ ತಗ್ಗಿದ ದನಿ ಅವಳ ಕಿವಿಯಲ್ಲೇ ಕೂತಿತ್ತು.

ಗಂಡನ ಕಣ್ಣಿಗೆ ಬಿದ್ದದ್ದು ಅವಳ ಸುಸ್ತು ಒಂದೇ. ನಿನಗೆ ಗ್ಯಾಸು ಅಂದ. ಅವನ ಪ್ರಕಾರ ಮನುಷ್ಯರಿಗೆ ಬರುವ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಗ್ಯಾಸು, ಉಳಿದ ಕಾಲು ಪಾಲು ಗ್ಯಾಸನ್ನು ಅಲಕ್ಷ್ಯ ಮಾಡಿದ್ದರಿಂದ ಬರುವಂಥದ್ದು. ಬೀದಿ ಕೊನೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರು ಒಳ್ಳೆಯವರು, ಈಗ ಮದುವೆಯಾಗಿ ಹೋಗಿರುವ ಇವರ ಮಗಳಿಗೆ ಚಿಕ್ಕಂದಿನಲ್ಲಿ ಗಂಟಲುಬೇನೆಯಾದಾಗಿನಿಂದ ಪರಿಚಯ. ಗಂಡ ಹೇಳಿದ, ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಟಾನಿಕ್ ಬರೆದರು. ಎರಡನೇ ಸಲ ಹೋದಾಗ ಹೇಗಿದ್ದೀರಿ ಅಂದರು. ಪರವಾಗಿಲ್ಲ ಅಂದಳು. ಇನ್ನೊಂದು ಬಾಟಲಿ ಟಾನಿಕ್ ಬಂತು. ಹೇಳಬೇಕಾದದ್ದು ಗಂಟಲಿನವರೆಗೆ ಬಂದು, ಗೋಡೆಯ ಗಡಿಯಾರ, ಹೊರಗೆ ಕೆಮ್ಮುವ ಜನ, ಪಕ್ಕದಲ್ಲಿ ಗಂಡ, ಇಷ್ಟನ್ನೂ ನೋಡಿ ವಾಪಸ್ ಇಳಿದುಹೋಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು. ಜೊತೆಗೆ, ಹೇಳದೆ ಉಳಿದದ್ದಕ್ಕೆ ಒಳಗೊಳಗೇ ಹಗುರವೂ ಆಯಿತು. ಅದು ಅವಳಿಗೆ ಇನ್ನೂ ಹೆದರಿಕೆ ತಂದಿತು.

ಹೀಗಿರುವಾಗ ಅಂಗಡಿಗೆ ಒಬ್ಬ ಟೀಚರು ಬಂದರು. ಹಿಂದಿನ ವಾರ ಅವರು ಒಂದು ತಿಳಿಹಳದಿ ಮೇಜುಬಟ್ಟೆ ಕೊಟ್ಟು ಹೋಗಿದ್ದರು. ಮೂಲೆಯಲ್ಲಿ ಕಂದು ಕಲೆ. ಏನು ಬಿತ್ತು ಅಂತ ಲಾಯರಕ್ಕ ಕೇಳಿದ್ದಳು, ಏನೋ ಗೊತ್ತಿಲ್ಲ, ಇಟ್ಟಲ್ಲೇ ಆಗಿದೆ ಅಂದಿದ್ದರು. ಅದು ಕಬ್ಬಿಣದ ತುಕ್ಕಿರಬಹುದು ಅಂತ ಒಳಗಿನವರು ತುಕ್ಕಿನ ಮದ್ದು ಹಾಕಿದರು. ಈಗ ಕಲೆ ಮೊದಲಿಗಿಂತ ದೊಡ್ಡದಾಗಿ, ಅಂಚು ಕಪ್ಪಾಗಿ, ಬಟ್ಟೆಯ ಜನ್ಮಕ್ಕೆ ಅಂಟಿಕೊಂಡಿತ್ತು. ಟೀಚರು ಅದನ್ನು ತಿರುಗಿಸಿ ನೋಡಿ, ಪರವಾಗಿಲ್ಲ ಬಿಡಿ, ನಿಜ ಹೇಳಬೇಕು ಅಂದರೆ ಅದು ಕೂದಲಿಗೆ ಹಚ್ಚುವ ಬಣ್ಣ, ಹೇಳೋಕೆ ಒಂಥರಾ ಆಯ್ತು ಅಂದರು.

ಲಾಯರಕ್ಕನಿಗೆ ರೇಗಿತು. ಇದು ಅವಳು ದಿನಾ ಮಾಡುವ ವಾದ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದಳು.

"ಪರವಾಗಿಲ್ಲ ಅಂದ್ರೆ ಏನು ಮೇಡಂ? ಕಲೆ ಇದೆಯೋ ಇಲ್ಲವೋ? ಇದೆ. ಮೊದಲೇ ಹೇಳಬಾರದಾಗಿತ್ತಾ? ನಾಚಿಕೆ ನಿಮ್ಮದು, ಹಾಳಾಗಿದ್ದು ಬಟ್ಟೆ. ನಾವೇನು ನಿಮ್ಮನ್ನ ನೋಡಿ ನಗ್ತೀವಾ? ದಿನಾ ಇಂಥದ್ದು ನೂರು ನೋಡ್ತೀವಿ. ನೀವು ಹೇಳದೆ ನಮಗೆ ಹೇಗೆ..."

ಅಲ್ಲಿಗೆ ಮಾತು ನಿಂತುಹೋಯಿತು. ಟೀಚರು ಗಾಬರಿಯಾಗಿ, ಏನಾಯ್ತಮ್ಮ, ನೀರು ಕುಡಿತೀರಾ ಅಂದರು. ಒಳಗಿನಿಂದ ಇಸ್ತ್ರಿಯವನು ಇಣುಕಿ ನೋಡಿದ. ಲಾಯರಕ್ಕ ಮಾತಿನ ಮಧ್ಯೆ ನಿಂತದ್ದನ್ನು ಅವನು ಕೆಲಸಕ್ಕೆ ಸೇರಿದಾಗಿನಿಂದ ಕಂಡಿರಲಿಲ್ಲ. ಅವಳು ಮೇಜುಬಟ್ಟೆಯನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿ ಟೀಚರ ಕೈಗೆ ಕೊಟ್ಟಳು.

ಆ ದಿನದಿಂದ ಅವಳು ಅಭ್ಯಾಸಕ್ಕೆ ಶುರುಮಾಡಿದಳು. ಅಂಗಡಿಯ ಹಿಂದೆ ಉಗಿ ಇಸ್ತ್ರಿಯ ಯಂತ್ರವಿತ್ತು, ಅದು ಬುಸ್ ಎಂದಾಗ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಅಲ್ಲಿ ನಿಂತು, ಬುಸ್ ಎಂದ ಕೂಡಲೇ, ನನಗೆ ರಕ್ತ ಹೋಗ್ತಿದೆ ಡಾಕ್ಟ್ರೇ ಅಂತ ಜೋರಾಗಿ ಹೇಳುತ್ತಿದ್ದಳು. ಮೊದಲು ರಕ್ತ ಅನ್ನುವ ಪದವೇ ಹೊರಡಲಿಲ್ಲ. ಆಮೇಲೆ ಹೊರಟಿತು. ಪಿಂಚಣಿ ಕಚೇರಿಯನ್ನು ಗದರಿಸಿದ ಹೆಂಗಸು, ಉಗಿಯ ಮರೆಯಲ್ಲಿ ಗೋಡೆಗೆ ತನ್ನ ದೂರು ಹೇಳಿಕೊಳ್ಳುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಮೂರನೇ ಸಲ ಗಂಡನ ಜೊತೆ ಕ್ಲಿನಿಕ್ಕಿಗೆ ಹೋದಳು. ಬೆಂಚಿನ ಮೇಲೆ ಕೂತು ವಾಕ್ಯವನ್ನು ಬಾಯಲ್ಲಿ ಹಿಡಿದುಕೊಂಡಿದ್ದಳು, ಬಿಟ್ಟರೆ ಎಲ್ಲಿ ಕೆಳಗೆ ಬೀಳುತ್ತದೋ ಅನ್ನುವ ಹಾಗೆ. ಕರೆ ಬಂತು. ಒಳಗೆ ಹೋದರು. ಗಂಡ ಎಂದಿನಂತೆ ಶುರುಮಾಡಿದ, ಸುಸ್ತು ಇದೆ ಡಾಕ್ಟ್ರೇ, ಊಟ ಸೇರಲ್ಲ, ಗ್ಯಾಸು ಇರಬೇಕು. ಡಾಕ್ಟರು ಅವಳ ಕಡೆ ತಿರುಗಿದರು, ಟಾನಿಕ್ ತಗೊಂಡ ಮೇಲೆ ಹೇಗಿದೆಯಮ್ಮ ಅಂತ ಕೇಳಿದರು.

"ಪರವಾಗಿಲ್ಲ," ಅಂದಳು.

ಅಂದದ್ದು ತನಗೇ ಕೇಳಿಸಿತು. ಉಗಿಯ ಹತ್ತಿರ ಅಷ್ಟು ದಿನ ತಿದ್ದಿದ ವಾಕ್ಯ ಎಲ್ಲಿಗೆ ಹೋಯಿತೋ, ಈ ಹಾಳು ಮಾತು ಮಾತ್ರ ಬಾಗಿಲಲ್ಲೇ ಕಾದಿದ್ದಂತೆ ಬಂದುಬಿಟ್ಟಿತು. ಡಾಕ್ಟರು ಬರೆದು ಮುಗಿಸಿದರು. ಗಂಟೆ ಒತ್ತಿದರು. ಗಂಡ ಎದ್ದ, ಅವಳೂ ಎದ್ದಳು. ಪರದೆಯವರೆಗೆ ಹೋದರು. ಮುಂದಿನ ರೋಗಿ, ಮಫ್ಲರ್ ಸುತ್ತಿಕೊಂಡ ಒಬ್ಬ ಮುದುಕ, ಆಗಲೇ ಒಳಗೆ ಒಂದು ಕಾಲಿಟ್ಟಿದ್ದ. ಇವತ್ತು ಈ ಪರದೆ ದಾಟಿದರೆ ಮುಂದಿನ ಸಲ ಬರುವ ಹೊತ್ತಿಗೆ ದೊಡ್ಡಮ್ಮ ಆಗಿರುತ್ತೇನೆ ಅನ್ನಿಸಿತು ಅವಳಿಗೆ.

ಒಂದೇ ನಿಮಿಷ ಹೊರಗಿರಿ ಅಣ್ಣ ಅಂತ ಮುದುಕನಿಗೆ ಹೇಳಿ, ವಾಪಸ್ ಬಂದು ಕುರ್ಚಿಯಲ್ಲಿ ಕೂತಳು. ಈ ಸಲ ತುದಿಯಲ್ಲಲ್ಲ, ಪೂರ್ತಿ ಹಿಂದಕ್ಕೆ ಒರಗಿ ಕೂತಳು.

"ಡಾಕ್ಟ್ರೇ, ನಾನು ಪರವಾಗಿಲ್ಲ ಅಂದೆ. ಅದು ಸುಳ್ಳು. ಪರವಾ ಇದೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಂಥ ಮಾತನ್ನು ಅವರು ಹಿಂದೆ ಯಾರ ಬಾಯಲ್ಲೂ ಕೇಳಿರಲಿಲ್ಲ.

"ಮುಟ್ಟು ನಿಂತು ಎಷ್ಟೋ ವರ್ಷ ಆಗಿದೆ. ಈಗ ಮತ್ತೆ ರಕ್ತ ಹೋಗ್ತಿದೆ. ಸುಮಾರು ಸಲ ಆಗಿದೆ. ಪ್ರತಿ ಸಲ ಇಲ್ಲಿಗೆ ಬಂದಾಗಲೂ ಹೇಳದೆ ಎದ್ದುಹೋಗಿದ್ದೀನಿ. ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು, ಅವರು ಉಳೀಲಿಲ್ಲ."

ಪರದೆ ಹಿಡಿದುಕೊಂಡೇ ನಿಂತಿದ್ದ ಗಂಡ ಅದನ್ನು ಬಿಡಲಿಲ್ಲ. ಅವನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಡಾಕ್ಟರು ಕನ್ನಡಕ ತೆಗೆದರು. "ಮೊದಲೇ ಹೇಳಬಾರದಾಗಿತ್ತಾ ಅಮ್ಮ?" ಅಂದರು. ಅಂಗಡಿಯಲ್ಲಿ ದಿನಕ್ಕೆ ಹತ್ತು ಜನಕ್ಕೆ ಅವಳೇ ಹೇಳುವ ಮಾತು, ಅದೇ ರಾಗದಲ್ಲಿ.

ಆಮೇಲೆ ಡಾಕ್ಟರು ಸಮಾಧಾನ ಹೇಳಿದರು. ವಯಸ್ಸಾದ ಮೇಲೆ ಒಳಗಿನ ಪದರ ಒಣಗಿ ಹೀಗಾಗುವುದುಂಟು, ಬಹಳ ಹೆಂಗಸರಿಗೆ ಏನೂ ಇರುವುದಿಲ್ಲ, ಒಂದು ಮಾತ್ರೆ ಬರೆಯುತ್ತೇನೆ, ಸ್ವಲ್ಪ ದಿನ ನೋಡೋಣ ಅಂದರು. ಆ ಮಾತಿಗೆ ಅವಳ ಜೀವ ಹಾತೊರೆಯಿತು. ಎದ್ದು ಕೈಮುಗಿದು ಹೊರಟುಬಿಡೋಣ ಅನ್ನಿಸಿತು. ಆದರೆ ನೋಡೋಣ ಅನ್ನುವ ಮಾತು ಅವಳಿಗೆ ಹೊಸದಲ್ಲ. ಕಲೆ ಹೋಗುತ್ತದೋ ಇಲ್ಲವೋ ತನಗೇ ಗೊತ್ತಿಲ್ಲದಾಗ ಅವಳೂ ಗಿರಾಕಿಗಳಿಗೆ ಅದನ್ನೇ ಹೇಳಿ ಕಳಿಸುತ್ತಿದ್ದಳು.

"ಬಹಳ ಜನಕ್ಕೆ ಏನೂ ಇರಲ್ಲ ಅಂದ್ರಿ," ಅಂದಳು. ಅದು ಲಾಯರಕ್ಕನದೇ ದನಿ. "ಉಳಿದವರಿಗೆ ಏನಿರುತ್ತೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಕೆಲವರಿಗೆ ಗಡ್ಡೆ ಇರಬಹುದು, ಕೆಲವರಿಗೆ ಕ್ಯಾನ್ಸರೂ ಇರಬಹುದು ಅಂದರು. ದೊಡ್ಡಮ್ಮನ ಮನೆಯಲ್ಲಿ ಯಾರೂ ಹೇಳದ ಹೆಸರು ಆ ಪುಟ್ಟ ಕೋಣೆಯಲ್ಲಿ ಸಾಮಾನ್ಯ ದನಿಯಲ್ಲಿ ಬಂತು.

"ಉಳಿದವರಲ್ಲಿ ನಾನಿಲ್ಲ ಅಂತ ಹೇಗೆ ಗೊತ್ತಾಗುತ್ತೆ?"

ಸ್ಕ್ಯಾನ್ ಮಾಡಿಸಬೇಕು, ಗರ್ಭಕೋಶದ ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಹಾಗಾದರೆ ಅದಕ್ಕೇ ಬರೆದುಕೊಡಿ ಅಂದಳು. ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದಳು. ಬರಲಿಲ್ಲ. ಮಾತ್ರೆ ಬರೆಯಲು ಹೊರಟಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು ದೊಡ್ಡಾಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಬರೆದುಕೊಟ್ಟರು, ತಡಮಾಡಬೇಡಿ ಅಂತಲೂ ಹೇಳಿದರು. ಇಷ್ಟು ದಿನ ಅವಳು ಹೆದರಿದ್ದು ಈ ಮನುಷ್ಯನಿಗಾ ಅಂತ ಅವಳಿಗೇ ಸೋಜಿಗವಾಯಿತು.

ದಾರಿಯಲ್ಲಿ ಸೈಕಲ್ ಅಂಗಡಿ ದಾಟಿದ ಮೇಲೆ, ನನಗೆ ಹೇಳಬಹುದಿತ್ತು ಅಂದ ಗಂಡ. ನೀವು ಗ್ಯಾಸು ಅಂತಿದ್ರಿ ಅಂದಳು. ಹಂಗಿಸಲು ಹೇಳಿದ್ದಲ್ಲ, ಆದರೆ ಅವನಿಗೆ ತಾಗಿತು. ಅಲ್ಲಿಂದ ಮುಂದೆ ಅವನು ಗ್ಯಾಸಿನ ಹೆಸರೆತ್ತಿದ್ದನ್ನು ಯಾರೂ ಕೇಳಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಚೂರು ತೆಗೆದದ್ದೂ ಆಯಿತು. ನೋವಾಯಿತಾ ಅಂತ ನರ್ಸ್ ಕೇಳಿದಾಗ ಹಳೇ ಮಾತು ನಾಲಿಗೆಯ ತುದಿಗೆ ಬಂತು, ಅದನ್ನು ನುಂಗಿ, ಹೌದು ಅಂದಳು. ರಿಪೋರ್ಟಿನಲ್ಲಿ ಏನಾದರೂ ಇದ್ದರೆ ನಾವೇ ಫೋನ್ ಮಾಡುತ್ತೇವೆ ಅಂತ ಹೇಳಿ ಕಳಿಸಿದರು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಫೋನನ್ನು ಕೌಂಟರಿನ ಮೇಲೆ, ಕಣ್ಣೆದುರಿಗೇ ಇಟ್ಟುಕೊಂಡಿದ್ದಳು. ಅದು ಸದ್ದು ಮಾಡಿದರೆ ಕೈಯಲ್ಲಿದ್ದ ಬಟ್ಟೆ ಬಿಟ್ಟು ಎತ್ತುತ್ತಿದ್ದಳು, ಸದ್ದು ಮಾಡದಿದ್ದರೂ ಎತ್ತಿ ನೋಡುತ್ತಿದ್ದಳು. ಗಿರಾಕಿಗಳ ಮುಂದೆ ಕಲೆಯ ಪ್ರಶ್ನೆ ಕೇಳುವಾಗ ದನಿ ಮೆತ್ತಗಾಗಿತ್ತು. ಒಬ್ಬನ ಪ್ಯಾಂಟಿಗೆ ಇನ್ನೊಬ್ಬನ ಚೀಟಿ ಸಿಕ್ಕಿಸಿದಳು, ಇಸ್ತ್ರಿಯವನು ಅದನ್ನು ಸದ್ದಿಲ್ಲದೆ ಸರಿಮಾಡಿದ. ಫೋನ್ ಬರಲಿಲ್ಲ. ಬರಲಿಲ್ಲ ಅಂದರೆ ಏನೂ ಇಲ್ಲ ಅಂತ ತಾನೇ ಅಂದ ಗಂಡ, ಮುಖ ಅರಳಿಸಿಕೊಂಡು.

"ಏನೂ ಇಲ್ಲ ಅಂತ ಅವರು ಹೇಳಲಿಲ್ಲ," ಅಂದಳು. "ಅವರು ಏನೂ ಹೇಳಲಿಲ್ಲ."

ಮರುದಿನ ಅಂಗಡಿಗೆ ರಜೆ ಹಾಕಿ ತಾನೇ ಹೋದಳು. ಕಿಟಕಿಯ ಹಿಂದಿದ್ದ ಹುಡುಗಿ, ಏನಾದರೂ ಇದ್ದಿದ್ದರೆ ಫೋನ್ ಮಾಡುತ್ತಿದ್ದರು ಆಂಟಿ ಅಂದಳು. ಪಿಂಚಣಿ ಕಚೇರಿಯ ಕಿಟಕಿಯೂ ಹೀಗೇ ಇತ್ತು. ರಿಪೋರ್ಟ್ ಬಂದಿದೆಯಾ ಇಲ್ಲವಾ, ಅಷ್ಟು ನೋಡಿ ಹೇಳಮ್ಮ, ನಾನು ಇಲ್ಲೇ ನಿಂತಿರ್ತೀನಿ ಅಂದಳು. ನಿಂತೂ ಇದ್ದಳು. ಹಿಂದಿನವರು ಗೊಣಗಿದರು, ಅದಕ್ಕೆಲ್ಲ ಅವಳ ಬೆನ್ನು ಪಳಗಿತ್ತು. ಹುಡುಗಿ ಎದ್ದು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದಳು. ರಿಪೋರ್ಟ್ ಬಂದು ಆಗಲೇ ಸುಮಾರು ದಿನವಾಗಿತ್ತು. ನೋಡಬೇಕಾದ ಡಾಕ್ಟರು ರಜೆಯಲ್ಲಿದ್ದರು, ಲಕೋಟೆ ಅವರ ಮೇಜಿನ ಮೇಲೆ ಒಡೆಯದೆ ಕೂತಿತ್ತು. ಯಾರಿಗೂ ಅವಳ ಮೇಲೆ ಹಗೆಯಿರಲಿಲ್ಲ. ಹಗೆ ಇಲ್ಲದೆಯೂ ಮನುಷ್ಯ ಸಾಯಬಹುದು ಅನ್ನುವುದು ಅವಳಿಗೆ ಆ ಕಿಟಕಿಯ ಮುಂದೆ ಹೊಳೆಯಿತು.

ಬೇರೆ ಡಾಕ್ಟರಮ್ಮ ಒಬ್ಬರು ಅದನ್ನು ಒಡೆದು ಓದಿದರು. ಕೂತುಕೊಳ್ಳಿ ಅಂದರು. ಆ ಕಾಯಿಲೆಯೇ. ಆದರೆ ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಗೇ ಇದ್ದ ಹಾಗಿದೆ, ಹೊರಗೆ ಹರಡಿದಂತೆ ಕಾಣುತ್ತಿಲ್ಲ, ಬೇಗ ಆಪರೇಷನ್ ಮಾಡಿ ತೆಗೆದುಬಿಟ್ಟರೆ ಒಳ್ಳೆಯ ಭರವಸೆ ಇದೆ, ಇನ್ನೂ ಕಾಯುತ್ತಾ ಕೂತಿದ್ದರೆ ಹೀಗೆ ಹೇಳಲಾಗುತ್ತಿರಲಿಲ್ಲ ಅಂದರು. ಅವಳು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಬೇಗ ಅಂದರೆ ಯಾವತ್ತು ಅಂತ ಕೇಳಿದಳು.

ಆಪರೇಷನ್ನಿನ ಬೆಳಿಗ್ಗೆ ಅವಳಿಗೆ ಹಸಿರು ಗೌನು ತೊಡಿಸಿ ಚಕ್ರದ ಮಂಚದ ಮೇಲೆ ಮಲಗಿಸಿದರು. ಗೌನಿನ ಅಂಚಿನಲ್ಲಿ ಎಂದಿನದೋ ಒಂದು ಮಾಸಲು ಕಲೆ ಇತ್ತು, ಅಯೋಡಿನ್ ಅಂತ ಅವಳು ಕನ್ನಡಕ ತೆಗೆಯುವ ಮೊದಲೇ ಗುರುತು ಹಿಡಿದಿದ್ದಳು. ಕಾರಿಡಾರಿನ ಕೊನೆಯಲ್ಲಿ ದೊಡ್ಡ ಬಾಗಿಲು. ಅಲ್ಲಿಂದಾಚೆ ಗಂಡನಿಗೆ ಪ್ರವೇಶವಿಲ್ಲ. ಅವನು ಅವಳ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಮಂಚದ ಪಕ್ಕ ನಡೆದು ಬಂದ. ಕನ್ನಡಕವಿಲ್ಲದೆ ಅವನ ಮುಖ ಅವಳಿಗೆ ಮಸುಕಾಗಿ ಕಾಣುತ್ತಿತ್ತು. ಕೀಲಿಕೈ ಉಜ್ಜಿ ಉಜ್ಜಿ ಒರಟಾದ ಅವನ ಬೆರಳು, ಕನ್ನಡಕದ ಕಡ್ಡಿಯನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು. ತಳ್ಳುವವನು ಬಾಗಿಲಿನ ಮುಂದೆ ಒಂದು ಗಳಿಗೆ ನಿಲ್ಲಿಸಿದ.

"ಹೆದರಿಕೆ ಆಗ್ತಿದೆಯಾ ನಿಮಗೆ?" ಅಂತ ಅವಳು ಕೇಳಿದಳು.

"ಪರವಾಗಿಲ್ಲ," ಅಂದ.

"ಪರವಾಗಿಲ್ಲ ಅಂದ್ರೆ ಏನು? ಇದೆಯೋ, ಇಲ್ಲವೋ?"

ಅವನು ಬಾಗಿಲನ್ನು ನೋಡಿದ, ನೆಲ ನೋಡಿದ. ಜನ್ಮವಿಡೀ ತನ್ನ ಪಾಲಿನ ಮಾತನ್ನು ಅವಳಿಗೆ ಬಿಟ್ಟುಕೊಟ್ಟವನಿಗೆ ಈಗ ಅದನ್ನು ತಾನೇ ಆಡಬೇಕಾಗಿ ಬಂದಿತ್ತು.

"ಇದೆ," ಅಂದ. "ತುಂಬಾ ಇದೆ ಕಣೇ."

"ನನಗೂ ಇದೆ," ಅಂದಳು ಲಾಯರಕ್ಕ, ಅವನ ಕೈ ಹಿಡಿದುಕೊಂಡಳು, ತಳ್ಳುವವನು ಎರಡು ಸಲ ಕೆಮ್ಮುವ ತನಕ ಬಿಡಲಿಲ್ಲ.